ಅಟ್ಟದಿಂದಿಳಿದ ಚೆಂಡು

ನೊಣವಿನಕೆರೆಯ ಸುವರ್ಣಮ್ಮನವರ ಪ್ರಕಾರ ಮನೆಯಲ್ಲಿ ಜೋಪಾನವಾಗಿರಬೇಕಾದ ವಸ್ತುವಿಗೆ ಒಂದೇ ಜಾಗ, ಅಟ್ಟ. ಮಗ ರುದ್ರೇಶ ತಂದಿಟ್ಟಿದ್ದ ಅಮೆರಿಕನ್ ಫುಟ್‌ಬಾಲ್ ಚೆಂಡನ್ನೂ ಅವರು ಅಲ್ಲಿಗೇ ಸೇರಿಸಿದ್ದರು. ಎರಡೂ ತುದಿ ಚೂಪಾದ ಆ ಕಂದು ಚೆಂಡು, ಕೊಬ್ಬರಿಯಾಗಲೆಂದು ವರ್ಷದಿಂದ ಒಣಗುತ್ತಿದ್ದ ಕಾಯಿಗಳ ನಡುವೆ ನೆಂಟರ ಮನೆಗೆ ಬಂದಂತೆ ಆರಾಮವಾಗಿ ಕೂತಿತ್ತು.

ಭಾನುವಾರ ಬೆಳಗ್ಗೆ ಕಾಯಿ ಸುಲಿಯುವ ಚಿಕ್ಕಹನುಮಯ್ಯ ಬಂದ. ಅಟ್ಟದಲ್ಲಿದ್ದದ್ದನ್ನೆಲ್ಲ ಕೆಳಗೆ ಉರುಳಿಸಿ, ಅಂಗಳದಲ್ಲಿ ನೆಟ್ಟಿದ್ದ ಕಬ್ಬಿಣದ ಗೂಟಕ್ಕೆ ಒಂದೊಂದಾಗಿ ಚುಚ್ಚತೊಡಗಿದ. ಅವನ ಕೈಗೆ ಕಣ್ಣಿನ ನೆರವು ಬೇಕಿರಲಿಲ್ಲ, ಬಾಯಿ ಪಕ್ಕದ ಮನೆ ಹೊಂಬಾಳಮ್ಮನ ಜೊತೆ ಹರಟುತ್ತಿತ್ತು. ಇದ್ದಕ್ಕಿದ್ದಂತೆ ಗೂಟದ ಮೇಲೆ ಪುಸ್ಸೆಂಬ ಸದ್ದಾಯಿತು.

"ಇದ್ಯಾಕೋ ಜೊಳ್ಳು ಕಣವ್ವ," ಎಂದ ಚಿಕ್ಕಹನುಮಯ್ಯ. "ಬರೀ ಗಾಳಿ."

ಹಲ್ಲುಜ್ಜುತ್ತಿದ್ದ ರುದ್ರೇಶ ಓಡಿ ಬಂದು ನೋಡಿದ. ಬಾಯಲ್ಲಿದ್ದ ನೊರೆಯನ್ನು ಹಾಗೇ ನುಂಗಿಬಿಟ್ಟ.

ಅವತ್ತೇ ತಿಪಟೂರಿನ ಮೈದಾನದಲ್ಲಿ ಅವನ ತಿಪಟೂರು ತಂಡಕ್ಕೂ ತುಮಕೂರು ತಂಡಕ್ಕೂ ಪಂದ್ಯ. ಬೆಂಗಳೂರಿನ ದೊಡ್ಡ ತಂಡದಿಂದ ಮೋಹನ್ ಕುಮಾರ್ ಎಂಬಾತ, ಸಂಬಳ ಕೊಟ್ಟು ಆಡಿಸಲು ಒಬ್ಬ ಡಿಫೆನ್ಸ್ ಆಟಗಾರನನ್ನು ಆರಿಸಿಕೊಳ್ಳಲು ಬರುವವನಿದ್ದ. ರುದ್ರೇಶ ಆರು ವರ್ಷದಿಂದ ಅದೇ ಡಿಫೆನ್ಸ್‌ನಲ್ಲಿದ್ದ. ಚೆಂಡು ಹಿಡಿದು ಓಡುವವನನ್ನು ಅಡ್ಡಗಟ್ಟಿ ಕೆಡವುವುದೇ ಅವನ ಕೆಲಸ. ಆ ವೃತ್ತಿಯಲ್ಲಿ ಒಂದು ಹಲ್ಲು ಹೋಗಿತ್ತು, ಒಂದು ಭುಜ ಸೊಟ್ಟಗಾಗಿತ್ತು. ಪೇಪರಿನಲ್ಲಿ ಫೋಟೋ ಬಂದಾಗಲೆಲ್ಲ ಜನರ ರಾಶಿಯಡಿಯಿಂದ ಅವನ ಬೂಟು ಮಾತ್ರ ಕಾಣಿಸುತ್ತಿತ್ತು.

"ಆರು ವರ್ಷ ಆಯ್ತು, ಆಟದಲ್ಲಿ ಒಂದ್ಸಲಾನೂ ಚೆಂಡು ಮುಟ್ಟಿಲ್ವಂತೆ," ಎಂದು ಹೊಂಬಾಳಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು.

ಸುವರ್ಣಮ್ಮನವರ ತೀರ್ಮಾನವೂ ಆಗಿತ್ತು. "ಇವತ್ತು ಅವ್ರು ನಿನ್ನ ಆರಿಸ್ಕೊಂಡ್ರೆ ಆಡ್ಕೊ. ಇಲ್ದಿದ್ರೆ ನಾಳೆಯಿಂದ ನಿಮ್ಮ ಮಾವನ ಕೊಬ್ರಿ ಮಂಡಿ."

ಮಾವ ಸದಾಶಿವಯ್ಯನಿಗೆ ಅದು ಸುತರಾಂ ಇಷ್ಟವಿರಲಿಲ್ಲ. "ಬೇಡ ಕಣಕ್ಕ," ಎನ್ನುತ್ತಿದ್ದ. "ಕಂಡೋರ್ನ ಕೆಡವೋದು ಬಿಟ್ರೆ ಇವ್ನಿಗೇನ್ ಬತ್ತದೆ? ಮಂಡಿಗೆ ಬರೋ ರೈತರ್ನೂ ಕೆಡವ್ತಾನೆ."

ರುದ್ರೇಶ ತಂಡದ ನಾಯಕ ದಯಾನಂದನಿಗೆ ಫೋನು ಮಾಡಿ ಸುದ್ದಿ ಹೇಳಿದ. ಎರಡೂ ತಂಡಕ್ಕೆ ಸೇರಿ ಇದ್ದದ್ದೇ ಆ ಒಂದು ಚೆಂಡು.

"ಲೇ, ಚೆಂಡು ಮುಟ್ಟದೇ ಇರೋನು ಅಂತ ನಂಬಿ ನಿನ್ ಕೈಲಿ ಕೊಟ್ನಲ್ಲೋ," ಎಂದು ದಯಾನಂದ ಗೋಳಾಡಿದ.

ಪರಿಹಾರ ಹೊಂಬಾಳಮ್ಮನಿಂದ ಬಂತು. ಸುಲಿಯದೇ ಉಳಿದಿದ್ದ ಒಂದು ಉದ್ದನೆಯ ಕಾಯಿ ಎತ್ತಿಕೊಂಡು, "ಎರಡೂ ಒಂದೇ ಆಕಾರ, ಒಂದೇ ಬಣ್ಣ. ಇದ್ರಲ್ಲೇ ಆಡ್ರಪ್ಪ," ಎಂದರು. ಬೇರೆ ದಾರಿ ಇರಲಿಲ್ಲ.

ತುಮಕೂರಿನವರೂ ತೆಂಗಿನ ಸೀಮೆಯವರೇ ಆದ್ದರಿಂದ ಹೆಚ್ಚು ತಕರಾರು ಮಾಡಲಿಲ್ಲ. ಮೋಹನ್ ಕುಮಾರ್ ತಡವಾಗಿ ಬಂದು ದೂರದ ಮರದ ನೆರಳಿನಲ್ಲಿ ಕೂತ. ಅಷ್ಟು ದೂರದಿಂದ ಕಾಯಿ ಯಾವುದು, ಚೆಂಡು ಯಾವುದು ಎಂದು ಗೊತ್ತಾಗುವಂತಿರಲಿಲ್ಲ.

ತುಮಕೂರಿನವರ ಬಲವಿದ್ದದ್ದು ಕಣ್ಕಟ್ಟಿನಲ್ಲಿ. ಮೂವರು ಒಟ್ಟಿಗೆ ಬಗ್ಗಿ, ಹೊಟ್ಟೆಗೆ ಕೈ ಒತ್ತಿಕೊಂಡು ಮೂರು ದಿಕ್ಕಿಗೆ ಓಡುತ್ತಿದ್ದರು. ಚೆಂಡು ಯಾರ ಕಂಕುಳಲ್ಲಿದೆಯೆಂದು ತಿಳಿಯುವಷ್ಟರಲ್ಲಿ ಅವರು ಗೆರೆ ದಾಟಿರುತ್ತಿದ್ದರು. ಅವತ್ತೂ ಹಾಗೇ ಓಡಿದರು. ತಿಪಟೂರಿನ ಹುಡುಗರೆಲ್ಲ ಎಡಕ್ಕೆ ನುಗ್ಗಿದರು.

ರುದ್ರೇಶ ಮಾತ್ರ ಬಲಕ್ಕೆ ಹೋದ. ಅವನಿಗೆ ಸದ್ದು ಕೇಳಿಸಿತ್ತು. ಹುಟ್ಟಿದಾಗಿನಿಂದ ಅಟ್ಟದ ಕೆಳಗೆ ಮಲಗಿದ ಕಿವಿ ಅದು. ಒಳಗಿನ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟುಕೊಂಡರೆ ಕಾಯಿ ಅಲುಗಿದಾಗ ಲೊಟಲೊಟ ಎನ್ನುತ್ತದೆ. ಬಲಗಡೆ ಓಡುತ್ತಿದ್ದವನ ಹೊಟ್ಟೆ ಲೊಟಲೊಟ ಎನ್ನುತ್ತಿತ್ತು. ರುದ್ರೇಶ ಅವನನ್ನು ಕೆಡವಿದ.

ಮತ್ತೆ ಓಡಿದರು, ಮತ್ತೆ ಕೆಡವಿದ. ಬೆನ್ನು ತಿರುಗಿಸಿ ನಿಂತಿದ್ದಾಗಲೂ ತಿರುಗಿ ಸರಿಯಾದವನ ಸೊಂಟಕ್ಕೇ ಬಿದ್ದ. ಪಂದ್ಯ ನೋಡಲು ಬಂದಿದ್ದ ನೊಣವಿನಕೆರೆಯವರು ಮೊದಲು ನಕ್ಕರು, ಆಮೇಲೆ ಎದ್ದು ನಿಂತರು, ಕೊನೆಗೆ ಕುಣಿಯತೊಡಗಿದರು. ಕಡೇ ಓಟದಲ್ಲಿ ತುಮಕೂರಿನವನು ಗೆಲುವಿನ ಗೆರೆಗೆ ಎರಡು ಹೆಜ್ಜೆ ದೂರದಲ್ಲಿರುವಾಗ ರುದ್ರೇಶ ಹಾರಿ ಅವನ ಮೇಲೆ ಬಿದ್ದ ರಭಸಕ್ಕೆ ಕಾಯಿ ಚಿಮ್ಮಿ ದಯಾನಂದನ ಕೈಗೆ ಸಿಕ್ಕಿತು. ಅವನು ಆ ತುದಿಯವರೆಗೂ ಓಡಿ ಪಂದ್ಯ ಗೆಲ್ಲಿಸಿದ. ಆಗಲೂ ರುದ್ರೇಶ ಚೆಂಡು ಮುಟ್ಟಿರಲಿಲ್ಲ. ಆದರೆ ಇಡೀ ಮೈದಾನ ಕೂಗಿದ್ದು ಅವನ ಹೆಸರನ್ನು. ಸುವರ್ಣಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡರು. ರುದ್ರೇಶನ ಬದುಕಿನಲ್ಲಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಮೋಹನ್ ಕುಮಾರ್ ಮರದಡಿಯಿಂದ ಓಡಿ ಬಂದ. "ಇಂಥ ಡಿಫೆನ್ಸ್ ನಾನು ನೋಡೇ ಇಲ್ಲ ಕಣ್ರೀ. ನೀವು ನಮ್ಮವರಾದ್ರಿ ಅಂತಲೇ ಲೆಕ್ಕ. ಹತ್ತಿರದಿಂದ ಒಂದ್ಸಲ ನೋಡಿಬಿಡ್ತೀನಿ." ತನ್ನ ಕಾರಿನಿಂದ ಹೊಚ್ಚಹೊಸ ಚೆಂಡು ತೆಗೆದು ತುಮಕೂರಿನವರ ಕೈಗೆ ಕೊಟ್ಟ.

ಮೂವರೂ ಬಗ್ಗಿ ಓಡಿದರು. ರುದ್ರೇಶ ಕಿವಿಗೊಟ್ಟ. ಮೊದಲನೆಯವನು ಪಕ್ಕದಲ್ಲೇ ಹಾದುಹೋದ. ಎರಡನೆಯವನೂ ಹೋದ. ಮೂರನೆಯವನು ಹೋಗುತ್ತಾ, "ಹುಷಾರಾಗಿದ್ದೀಯಾ ರುದ್ರೇಶಣ್ಣ?" ಎಂದು ಕೇಳಿದ. ರುದ್ರೇಶ ಕಂಬದಂತೆ ನಿಂತೇ ಇದ್ದ.

"ಏನಾಯ್ತ್ರೀ?" ಎಂದ ಮೋಹನ್ ಕುಮಾರ್.

ರುದ್ರೇಶ ಚೆಂಡಿನ ಹತ್ತಿರ ಹೋಗಿ ಅದಕ್ಕೆ ಕಿವಿಯಿಟ್ಟು, ಹಿಡಿದವನಿಗೆ ಅಲ್ಲಾಡಿಸಲು ಹೇಳಿದ. ಮುಖ ಸಣ್ಣಗಾಯಿತು.

"ಇದಿನ್ನೂ ಒಣಗಿಲ್ಲ ಸಾರ್," ಎಂದ.

ಮೋಹನ್ ಕುಮಾರ್ ಮತ್ತೆರಡು ಸಲ ಓಡಿಸಿ ನೋಡಿ, ನಿಟ್ಟುಸಿರುಬಿಟ್ಟು, ಚೆಂಡನ್ನು ಕಾರಿಗೆ ಹಾಕಿಕೊಂಡು ಹೊರಟುಹೋದ.

ಆದರೆ ಅಷ್ಟು ಹೊತ್ತಿಗೆ ಸದಾಶಿವಯ್ಯ ಜನರನ್ನು ತಳ್ಳಿಕೊಂಡು ಬಂದಿದ್ದ. ಅವನ ಕಣ್ಣುಗಳು ಹೊಳೆಯುತ್ತಿದ್ದವು.

"ಅಕ್ಕಾ, ಇವ್ನು ನಂಗೆ ಬೇಕು. ಅಷ್ಟು ದೂರದಿಂದ ಕಾಯಿ ಒಣಗೈತೆ ಅಂತ ಹೇಳೋ ಕಿವಿ ಇಡೀ ತಿಪಟೂರಲ್ಲೇ ಇಲ್ಲ. ನಾಳೆ ಗೀಳೆ ಅಲ್ಲ, ಇವತ್ತೇ ಕರ್ಕೊಂಡೋಗ್ತೀನಿ. ಮಂಡಿಲಿ ಮೂಟೆ ಬಂದು ಬಿದ್ದವೆ."

"ಮಾವ, ನಂಗೆ ಅಲ್ಲಿ..." ಎಂದ ರುದ್ರೇಶ.

"ಬುಡು, ನಾಚ್ಕೋಬ್ಯಾಡ," ಎಂದರು ಹೊಂಬಾಳಮ್ಮ. "ಕೊನೆಗೂ ಆರಿಸ್ಕೊಂಡ್ರಲ್ಲ."

ನೊಣವಿನಕೆರೆಯವರು ಅವನನ್ನು ಹೆಗಲ ಮೇಲೆ ಹೊತ್ತರು. ಯಾರೋ ಗೆದ್ದ ಕಾಯಿಯನ್ನು ತಂದು ಕೈಗೆ ಕೊಟ್ಟರು. ತಮಟೆ ಬಾರಿಸುತ್ತಾ ಮೆರವಣಿಗೆ ಸೀದಾ ಮಂಡಿಯ ಕಡೆಗೆ ಹೊರಟಿತು. ಆರು ವರ್ಷದಲ್ಲಿ ಮೊದಲ ಬಾರಿಗೆ ಪಂದ್ಯದ ದಿನ ರುದ್ರೇಶನ ಕೈಯಲ್ಲಿ ಚೆಂಡಿತ್ತು. ದಾರಿಯುದ್ದಕ್ಕೂ ಅವನು ಆಸೆಯಿಂದ ಹಿಂದೆ ಮುಂದೆ ನೋಡಿದ. ಅಡ್ಡ ಬಂದು ಕೆಡವುವವರು ಒಬ್ಬರೂ ಇರಲಿಲ್ಲ.