ಮೂರು ಸೀಟಿ, ಒಂದು ಸೆರಗು

ಗಜೇಂದ್ರಗಡದ ಹತ್ತಿರದ ನಮ್ಮ ನೇಕಾರರ ಓಣಿಯಲ್ಲಿ ಕಳ್ಳರ ಸುದ್ದಿ ಹಬ್ಬಿದಾಗ ಹಿರಿಯರು ಹಳೆಯ ರಾತ್ರಿ ಗಸ್ತನ್ನು ಮತ್ತೆ ಶುರು ಮಾಡಿದರು. ಮನೆಗೊಬ್ಬರು, ಪಾಳಿ ಪ್ರಕಾರ. ಒಂದು ಸೀಟಿ ಊದಿದರೆ ಎಲ್ಲ ಕ್ಷೇಮ. ಮೂರು ಊದಿದರೆ ಕಳ್ಳ! ಈ ಪವಿತ್ರ ಕಾರ್ಯಕ್ಕೆ ನನ್ನಷ್ಟು ಯೋಗ್ಯ ವ್ಯಕ್ತಿ ಓಣಿಯಲ್ಲಿ ಇನ್ನೊಬ್ಬನಿಲ್ಲವೆಂದು ನನಗೆ ಖಾತ್ರಿಯಿತ್ತು.

ನನ್ನ ಪಾಳಿ ಬಂದ ದಿನ ನಮ್ಮ ಮಗ್ಗದ ಮೇಲೊಂದು ಮದುವೆ ಸೀರೆ ಇತ್ತು. ಸೆರಗಿನ ತುದಿಯಷ್ಟೇ ಬಾಕಿ. ಬೆಳಿಗ್ಗೆ ಹೆಣ್ಣಿನ ಕಡೆಯವರು ನರೇಗಲ್‌ನಿಂದ ಒಯ್ಯಲು ಬರುವವರಿದ್ದರು.

“ಸೀರಿ ಯಾರ ಮುಗಸ್ತಾರ್ರೀ?” ಎಂದಳು ಹೆಂಡತಿ ನೀಲವ್ವ.

“ಊರ ಉಳಿದ್ರ ಸೀರಿ! ನಸುಕಿನ್ಯಾಗ ಬಂದು ಮುಗಸ್ತೀನಿ, ನೀ ಮಲ್ಕೋ,” ಎಂದು ಬಡಿಗೆ ಹಿಡಿದು ಹೊರಟೆ.

ನಡುರಾತ್ರಿ ಕರೆಂಟು ಹೋಯಿತು. ಗಸ್ತಿನ ಹಿರಿಯರಾದ ಈರಪ್ಪಜ್ಜ ನನ್ನನ್ನು ಹಿತ್ತಲ ಓಣಿಗೆ ಕಳಿಸಿದರು. ಕತ್ತಲಲ್ಲಿ ಯಾರ ಹಿತ್ತಲು ಎಲ್ಲಿದೆಯೋ ತಿಳಿಯಲಿಲ್ಲ. ಅಷ್ಟರಲ್ಲಿ ಒಂದು ಮನೆಯೊಳಗಿಂದ ಟಕ್, ಟಕ್! ಕಿಟಕಿಯ ಸಂದಿಯಲ್ಲಿ ಮಿಣುಕು ಬೆಳಕು ಬೇರೆ. ಯಾರೋ ತಿಜೋರಿ ಒಡೆಯುತ್ತಿದ್ದಾರೆ!

ಮೂರು ಸೀಟಿ ಊದಿದೆ. ಜನ ಬರುವವರೆಗೆ ಕಾಯುವುದು ವೀರರ ಲಕ್ಷಣವಲ್ಲ. ಹಿಂಬಾಗಿಲನ್ನು ಒದ್ದು, “ಸಿಕ್ಯಲ್ಲೋ ಮಗನ!” ಎಂದು ಒಳಗೆ ಜಿಗಿದೆ. ಎಳೆಗಳು ಪಟಪಟ ಹರಿದವು. ಮಗ್ಗದ ಮೇಲೆ ಬಿದ್ದವನು ಹಾಗೇ ಜಾರಿ, ನೇಯುವವರು ಕಾಲು ಇಳಿಬಿಡುವ ಕುಣಿಯಲ್ಲಿ ಕುಳಿತೆ. ಪಕ್ಕದಲ್ಲಿ ಚಾರ್ಜಿಂಗ್ ಲೈಟು. ಲಾಳಿ ಹಿಡಿದು ಕೂತಿದ್ದವಳು ನೀಲವ್ವ!

“ಯವ್ವಾ! ರೀ, ಇದು ನಮ್ಮ ಮನಿ ರೀ!”

ಮೂವತ್ತು ವರ್ಷ ಮಗ್ಗ ಬಡಿದವನಿಗೆ ತನ್ನ ಮಗ್ಗದ ಸದ್ದೇ ಗುರುತು ಸಿಗಲಿಲ್ಲ. ಓಣಿಯ ಗಂಡಸರೆಲ್ಲ ಬಡಿಗೆ ಸಮೇತ ಬಾಗಿಲಲ್ಲಿ ನಿಂತಿದ್ದರು. ಮರ್ಯಾದೆ ಹೋದದ್ದಿರಲಿ, ಬೆಳಿಗ್ಗೆ ಆ ಮದುಮಗಳಿಗೆ ಏನು ಕೊಡುವುದು? ನನಗೆ ಅಳುವೇ ಬಂತು.

ಈರಪ್ಪಜ್ಜ ಹರಿದ ಎಳೆಗಳನ್ನು ನೋಡಿದರು. “ನಗೂದು ಆಮ್ಯಾಲ. ಮದುವಿ ಸೀರಿ ಐತಿ. ಬಡಿಗಿ ಇಟ್ಟು ಲಗೂ ಕುಂಡ್ರಿ!” ಎಂದರು.

ಎಲ್ಲರೂ ನೇಕಾರರೇ. ನಸುಕಿನ ತನಕ ಒಂದೊಂದೇ ಎಳೆ ಹುಡುಕಿ ಗಂಟು ಹಾಕಿದರು. ನಾನು ಮುಟ್ಟಲು ಹೋದರೆ ಹತ್ತು ಕೈಗಳು ತಡೆದವು! ನೀಲವ್ವ ಸೆರಗು ಮುಗಿಸಿದಳು. ಹೆಣ್ಣಿನವರು ಬಂದು, ಸೀರೆ ಭಾಳ ಚಲೋ ಆಗೇತಿ ಎಂದು ಒಯ್ದರು. ಹೋದ ಜೀವ ಬಂದಂತಾಯಿತು.

“ಖರೇ ಕಳ್ಳ ಬಂದಿದ್ರ ಚಲೋ ಇತ್ತು,” ಎಂದಳು ನೀಲವ್ವ. “ಅಂವ ಎಳಿ ಹರೀತಿದ್ದಿಲ್ಲ.”

ಗಸ್ತು ಈಗಲೂ ನಡೆದಿದೆ. ನನ್ನ ಪಾಳಿಯ ದಿನ ಮಾತ್ರ ಇಬ್ಬರು ನಮ್ಮ ಮನೆಯ ಕಟ್ಟೆಯ ಮೇಲೆ ಕೂರುತ್ತಾರೆ, ನಾನು ಹೊರಗೆ ಬರದಂತೆ ಕಾಯಲು!