ದಿಲ್ಲಿಯ ನಿಯಮ ಬೀದರಿಗೆ ಬಂದಾಗ

ಫೋನು, ಟಿವಿ ಎರಡರ ಲಗಾಮೂ ದಿಲ್ಲಿಯ ಒಂದು ಪ್ರಾಧಿಕಾರದ ಕೈಯಲ್ಲಿದೆ. ಅದರ ನಿಯಮಗಳನ್ನು ಬೀದರ ಜಿಲ್ಲೆಯ ಜನರಿಗೆ ತಿಳಿಸಿ ಹೇಳುವ ಗ್ರಾಹಕ ಸಂಘದವನು ನಾನು. ನಿಯಮ ಅಲ್ಲಿಂದ ಹೊರಡುವಾಗ ಚೆನ್ನಾಗಿಯೇ ಇರುತ್ತದೆ. ಇಲ್ಲಿಗೆ ಬಂದ ಮೇಲೆ ಕೆಳಗಿನಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ಬೈಸಿಕೊಳ್ಳುವವನು ನಾನು.

ಗಾಂಧಿ ಗಂಜಿನ ಫೋನು

ಬೇಡದ ಕರೆ ಬಂದರೆ ದೂರು ಕೊಡಿ ಎಂದು ಕಮಠಾಣದ ರೈತರಿಗೆ ಕಲಿಸಿ ಬಂದೆ. ವಾರದೊಳಗೆ ಬೀದರದ ಗಾಂಧಿ ಗಂಜ್ ಮಾರುಕಟ್ಟೆಯ ಅಡತಿ ವ್ಯಾಪಾರಿಯೊಬ್ಬರು ಸತ್ತ ಫೋನು ಹಿಡಿದು ಬಂದರು. ದಿನಾ ಬೆಳಿಗ್ಗೆ ಅದೇ ರೈತರಿಗೆ ಫೋನಿನಲ್ಲಿ ತೊಗರಿ ರೇಟು ಹೇಳುವುದು ಅವರ ರೂಢಿ. ರೇಟು ಬಿದ್ದ ದಿನ ರೈತರೆಲ್ಲ ಸೇರಿ ದೂರು ಜಡಿದಿದ್ದರು, ನಂಬರೇ ಬಂದ್. ಕಮಠಾಣಕ್ಕೆ ಹೋಗಿ ರೇಗಿದೆ.

ಒಬ್ಬ ರೈತ ತಣ್ಣಗೆ ಹೇಳಿದ: “ಬ್ಯಾಡಾದ ಕಾಲ್ ಅಂತ ನೀವೇ ಹೇಳೀರಲ್ರಿ. ಆ ರೇಟ್ ಯಾರಿಗಿ ಬೇಕಾಗಿತ್ತು?”

ಭಾಲ್ಕಿಯ ಆಯ್ಕೆ

ಚಾನೆಲ್ಲುಗಳನ್ನು ಗ್ರಾಹಕರೇ ಆರಿಸಬೇಕು ಎಂಬುದು ನಿಯಮ. ಭಾಲ್ಕಿಯ ನಿವೃತ್ತ ಶಿಕ್ಷಕಿಯೊಬ್ಬರು ಕನ್ನಡ, ಮರಾಠಿ ಸುದ್ದಿ ಸಾಕು ಎಂದಿದ್ದರು. ಬಂದದ್ದು ಕಾರ್ಟೂನು, ಜೊತೆಗೆ ಯಾವುದೋ ತಿಳಿಯದ ಭಾಷೆಯ ಅಡುಗೆ ಚಾನೆಲ್ಲು. ಕೇಬಲ್ಲಿನವನನ್ನು ಕರೆಸಿ, “ಆರಿಸೋ ಹಕ್ಕು ಟೀಚರ್ ಬಾಯಿಯವರದಲ್ಲೇನಪ್ಪ?” ಎಂದೆ.

“ಹಕ್ಕು ಅವರದೇ ರೀ ಸರ್, ಯಾರ್ ಇಲ್ಲಂತಾರ? ಅವರಿಗ್ಯಾಕ ತ್ರಾಸ ಅಂತ ಅವರ ಹಕ್ಕು ನಾನೇ ಚಲಾಯ್ಸೀನಿ.”

ಔರಾದಿನ ಸಿಗ್ನಲ್

ಔರಾದ ಕಡೆಯ ಒಂದು ಹಳ್ಳಿ. ಶಾಲೆಯ ಮಾಳಿಗೆ ಹತ್ತಿದರೆ ಮಾತ್ರ ಅಲ್ಲಿ ಫೋನು ಹತ್ತುತ್ತದೆ. ದೂರು ಕೊಟ್ಟವರು ಅಲ್ಲಿನ ಹಿರಿಯ ಕಾಕಾ. ಅವರ ಸೊಸೆಗೆ ದಿನ ತುಂಬಿತ್ತು. ಅಪರಾತ್ರಿಯಲ್ಲಿ ನೋವು ಬಂದರೆ ಆಂಬುಲೆನ್ಸ್ ಕರೆಯುವುದು ಹೇಗೆ ಎಂಬುದೇ ಅವರ ಚಿಂತೆ. ನಾನು ಕಂಡಕಂಡವರ ಕಾಲು ಹಿಡಿದ ಮೇಲೆ ಸಿಗ್ನಲ್ ಅಳೆಯಲು ಇಬ್ಬರು ಸಾಹೇಬರು ಬರುವುದೆಂದಾಯಿತು.

ಆ ದಿನ ನನ್ನ ಬಸ್ಸು ತಡವಾಯಿತು. ಹೋಗಿ ನೋಡಿದರೆ ಸಾಹೇಬರು ಅದೇ ಮಾಳಿಗೆಯ ಮೇಲೆ! ಕಾಕಾ ಜಮಖಾನೆ ಹಾಸಿ, ಮಂಡಕ್ಕಿ ಸುಸಲಾ, ಚಹಾ ಕೊಟ್ಟು ಕೂರಿಸಿದ್ದಾರೆ. ಸಾಹೇಬರು ಅಲ್ಲೇ ಯಂತ್ರ ತೆರೆದು, ಸಿಗ್ನಲ್ ಉತ್ತಮ ಎಂದು ಬರೆದು, ದೂರು ಮುಗಿಸಿದ್ದಾರೆ. ಕೆಳಗೂ ಒಮ್ಮೆ ಅಳೆಯಿರಿ ಎಂದು ಕೈಮುಗಿದೆ. ಅಳತೆ ಆಗಿಹೋಯಿತು ಎಂದು ಜೀಪು ಹತ್ತಿದರು. ನನಗೆ ಅಳುವೇ ಬಂತು.

“ಕಾಕಾ, ಅವರಿಗೆ ಕೆಳಗ ಕುಂದ್ರಿಸಬೇಕಿತ್ತಲ್ರಿ!” ಎಂದು ಚೀರಿದೆ.

ಕಾಕಾ ನನ್ನನ್ನೇ ತಿಳಿಗೇಡಿಯೆಂಬಂತೆ ನೋಡಿದರು: “ಏನ್ ಮಾತಾಡ್ಲತ್ತೀರಿ? ಊರಿಗಿ ಬಂದ ಮಂದೀಗಿ ನೆಟ್‌ವರ್ಕ್ ಇಲ್ದ ಜಾಗಾದಾಗ ಕುಂದ್ರಸ್ಲಾ? ಅವರ ಮನ್ಯಾಗ ಯಾರಿಗರೆ ಆರಾಮಿಲ್ದೆ ಫೋನ್ ಬಂದ್ರ ಹ್ಯಾಂಗರಿ?”