ಹಕ್ಕಿಯ ಎರಡನೇ ರೆಕ್ಕೆ

ಆ ದಿನದ ಅವಾಂತರಕ್ಕೆಲ್ಲ ಮೂಲ ಒಂದು ಕಾಲುಚೀಲ. ಅದೂ ಎಡಗಾಲಿನದು.

ಕಾಂಪೌಂಡರ ಹೆಂಡತಿ ತಂಗಿಯ ಮನೆಗೆ ಹೋಗಿ ನಾಲ್ಕು ದಿನವಾಗಿತ್ತು. ಅವತ್ತು ನಾಲ್ಕು ಗಂಟೆಯ ಬಸ್ಸಿಗೆ ಬರುವವರಿದ್ದರು. ಕರೆದುಕೊಂಡು ಬರಬೇಕೆಂದು ಕಾಂಪೌಂಡರು ಇದ್ದುದರಲ್ಲಿ ಒಳ್ಳೆಯದಾದ ಬೂದು ಬಣ್ಣದ ಪ್ಯಾಂಟು ಹಾಕಿಕೊಂಡು ಬೆಳಿಗ್ಗೆ ಒಂಬತ್ತಕ್ಕೇ ತಯಾರಾದರು. ಅಷ್ಟು ಬೇಗ ಯಾಕೆಂದರೆ, ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಹೆಂಡತಿಯಿಲ್ಲದ ಮನೆಯಲ್ಲಿ ಅವರಿಗೆ ಬೇರೇನು ಮಾಡಬೇಕೆಂದು ತೋಚುತ್ತಿರಲಿಲ್ಲ. ಕಾಲುಚೀಲ ಮಾತ್ರ ಒಂದೇ ಸಿಕ್ಕಿತು. ಮೂವತ್ತೈದು ವರ್ಷಗಳಿಂದ "ಏ, ನನ್ನ ಕಾಲುಚೀಲ ಎಲ್ಲೇ?" ಎಂದು ಕೂಗಿದರೆ ಸಾಕು, ಕೈಗೆ ಬಂದು ಬೀಳುತ್ತಿತ್ತು. ಇವತ್ತು ಕೂಗಿದರೆ ಓಗೊಡುವವರಿಲ್ಲ. ಜೀವಮಾನದಲ್ಲಿ ಮೊದಲ ಸಲ ತಾವೇ ಬೀರುವಿನ ಕೆಳಗಿನ ಖಾನೆಗೆ ಕೈ ಹಾಕಿದರು.

ಕಾಲುಚೀಲಗಳ ಪಕ್ಕದಲ್ಲೇ ಮಡಿಸಿಟ್ಟ ಬಿಳಿ ಬಟ್ಟೆಯೊಂದಿತ್ತು. ದಿಂಬಿನ ಕವರಿಗೆಂದು ಕತ್ತರಿಸಿದ್ದು. ಬಿಡಿಸಿದರೆ, ನೀಲಿ ದಾರದಲ್ಲಿ ಕಸೂತಿ ಹಾಕಿದ ಹಕ್ಕಿ. ಕೊಕ್ಕು, ಕಣ್ಣು, ಬಾಲ ಎಲ್ಲ ಇತ್ತು, ರೆಕ್ಕೆ ಮಾತ್ರ ಒಂದೇ. ಎರಡನೆಯದರ ಜಾಗದಲ್ಲಿ ಪೆನ್ಸಿಲಿನ ಗೆರೆ ಮಾಸಿಹೋಗಿತ್ತು. ಸೂಜಿ, ದಾರ ಎರಡೂ ಮಡಿಕೆಯೊಳಗೇ ಇದ್ದವು. ಕಾಂಪೌಂಡರು ಕಾಲುಚೀಲ ಮರೆತು ನೆಲದ ಮೇಲೆ ಕೂತುಬಿಟ್ಟರು.

ಅದು ಅವರಿಗೆ ನೆನಪಿತ್ತು. ಮದುವೆಯಾದ ಹೊಸತು. ಒಂದು ಸಂಜೆ ಆಸ್ಪತ್ರೆಯಿಂದ ಸುಸ್ತಾಗಿ ಬಂದಾಗ ಹೆಂಡತಿ ಇದೇ ಹಕ್ಕಿಯನ್ನು ಎತ್ತಿ ಹಿಡಿದು, "ರೀ, ಹೇಗಿದೆ?" ಎಂದು ಕೇಳಿದ್ದರು. "ನಾನು ಬೆಳಿಗ್ಗೆಯಿಂದ ಮನುಷ್ಯರಿಗೆ ಹೊಲಿಗೆ ಹಾಕಿ ಬಂದಿದ್ದೀನಿ, ನೀನು ಬಟ್ಟೆಗೆ ಹಾಕ್ಕೊಂಡು ಕೂತಿದ್ದೀಯಾ? ಕೆಲಸವಿಲ್ಲದವರ ಕೆಲಸ!" ಎಂದಿದ್ದರು ಇವರು. ಆಕೆ ಬಟ್ಟೆ ಮಡಿಸಿ ಒಳಗಿಟ್ಟರು. ಆಮೇಲೆ ಆಕೆಯ ಕೈಯಲ್ಲಿ ಕಸೂತಿಯನ್ನು ಇವರು ನೋಡಿರಲಿಲ್ಲ. ಸಾಲದ್ದಕ್ಕೆ, ಪಕ್ಕದ ಮನೆಯ ಟೀಚರಮ್ಮನ ಕುರ್ಚಿಗಳ ಮೇಲಿದ್ದ ಹೂವಿನ ಕಸೂತಿ ನೋಡಿದಾಗಲೆಲ್ಲ, "ನೋಡು, ಅವರ ಕೈ ಎಷ್ಟು ಚೆನ್ನಾಗಿದೆ!" ಎಂದು ಹೆಂಡತಿಯ ಮುಂದೆಯೇ ಹೊಗಳಿದ್ದರು. ಆಕೆ ಬರೀ ನಕ್ಕಿದ್ದರು. ಈಗ ಅದೆಲ್ಲ ಕಾಂಪೌಂಡರಿಗೆ ಒಟ್ಟಿಗೇ ನೆನಪಾಯಿತು. ಅವಳು ಬರುವುದರೊಳಗೆ ಎರಡನೇ ರೆಕ್ಕೆಯನ್ನು ತಾವೇ ಮುಗಿಸಿ ಕೈಗೆ ಕೊಟ್ಟುಬಿಡುವುದು ಎಂದು ನಿಶ್ಚಯಿಸಿದರು. ಸಾವಿರಾರು ಗಾಯಗಳಿಗೆ ಹೊಲಿಗೆ ಹಾಕಿದ ಕೈಗೆ ಒಂದು ರೆಕ್ಕೆ ಏನು ಮಹಾ!

ಸೂಜಿಗೆ ದಾರ ಪೋಣಿಸುವುದರಲ್ಲೇ ಹನ್ನೊಂದಾಯಿತು. ಕಣ್ಣಿನ ಪೊರೆ ಬಲಿತಿತ್ತು, ಮನೆಯೊಳಗಿನ ಬೆಳಕು ಸಾಲಲಿಲ್ಲ. ಕೊನೆಗೆ ಬೀದಿಯ ಕಲ್ಲುಬೆಂಚಿಗೆ ಬಂದು, ಬಿಸಿಲಿಗೆ ಬೆನ್ನು ಕೊಟ್ಟು ಕೂತರು. ಗಂಡಸು ಬೀದಿಯಲ್ಲಿ ಕೂತು ಕಸೂತಿ ಹಾಕಿದರೆ ನೋಡದೆ ಹೋಗುವವರು ಯಾರು?

ಮೊದಲು ಬಂದವರು ಮೂಲೆಯಂಗಡಿಯ ಟೈಲರ್. ಬಗ್ಗಿ ನೋಡಿ, "ಏನ್ ಸಾರ್ ಇದು, ಹಕ್ಕಿಗೆ ಅಪೆಂಡಿಕ್ಸ್ ಆಪರೇಷನ್ ಆಗಿದೆಯಾ?" ಎಂದರು.

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕಾಂಪೌಂಡರಿಗೆ ಗೊತ್ತಿದ್ದುದು ಒಂದೇ ಹೊಲಿಗೆ, ಆಸ್ಪತ್ರೆಯದು. ಸೂಜಿ ಚುಚ್ಚಬೇಕು, ಗಂಟು ಬಿಗಿಯಬೇಕು, ದಾರ ಕತ್ತರಿಸಬೇಕು, ಮತ್ತೆ ಚುಚ್ಚಬೇಕು.

"ನಮ್ಮ ಪದ್ಧತಿ ಇದು ಕಣಯ್ಯಾ. ಒಂದು ಬಿಚ್ಚಿಕೊಂಡರೂ ಇನ್ನೊಂದು ಬಿಚ್ಚಬಾರದು. ನಾನು ಹಾಕಿದ ಹೊಲಿಗೆ ಇವತ್ತಿನವರೆಗೆ ಒಂದೂ ಬಿಟ್ಟಿಲ್ಲ."

"ಗಂಟು ಇರಲಿ ಸಾರ್, ಬಟ್ಟೆ ಮುದುಡಿ ಒಣದ್ರಾಕ್ಷಿ ಆಗಿದೆಯಲ್ಲ! ಎಲ್ಲ ಕಿತ್ತುಹಾಕಿ. ಬಟ್ಟೆ ಬಿಗಿಯಾಗಿ ಹಿಡ್ಕೊಬೇಕು. ತೊಡೆ ಮೇಲೆ ಎಳೆದು ಕೂರಿಸಿ."

ಕಿತ್ತರು. ಕೀಳುವುದಕ್ಕೆ ಒಂದು ಗಂಟೆ ಬೇಕಾಯಿತು. ಊಟ ಮುಗಿಸಿ ಎರಡಕ್ಕೆ ಮತ್ತೆ ಬಂದು, ಬಟ್ಟೆಯನ್ನು ಎಡತೊಡೆಯ ಮೇಲೆ ಬಿಗಿಯಾಗಿ ಎಳೆದು ಕೂತರು. ಆಗ ಟೀಚರಮ್ಮ ಬಂದರು.

"ಅಯ್ಯೋ, ಈ ಹಕ್ಕಿ ಇನ್ನೂ ಇದೆಯಾ!" ಎಂದವರು ತಟ್ಟನೆ ಬಾಯಿ ಮುಚ್ಚಿಕೊಂಡರು.

"ನಿಮಗೆ ಇದು ಗೊತ್ತಾ?"

"ಇಲ್ಲ ಇಲ್ಲ, ಹಕ್ಕಿಗಳು ಎಲ್ಲ ಕಡೆ ಇರ್ತವಲ್ಲ ಅಂದೆ. ಸಾರ್, ಅಕ್ಕ ಬರೋವರೆಗೂ ಇದನ್ನ ಮುಟ್ಟದೆ ಇದ್ರೆ ಒಳ್ಳೇದಿತ್ತು."

"ಅವಳು ಬರೋದರೊಳಗೆ ಮುಗೀಬೇಕು ಟೀಚರಮ್ಮ. ಅದೇ ವಿಷಯ. ಯಾರಿಗೂ ಹೇಳಬೇಡಿ."

ಟೀಚರಮ್ಮ ನಿಟ್ಟುಸಿರು ಬಿಟ್ಟು, "ಹಾಗಾದ್ರೆ ಸೂಜಿ ಪೂರ್ತಿ ಕೆಳಗೆ ಇಳಿಸಿ. ಮೇಲೆಮೇಲೆ ಹಾಕಿದ್ರೆ ನಿಲ್ಲಲ್ಲ" ಎಂದು ಹೇಳಿ ಹೊರಟರು.

ಒಬ್ಬರು ಬಿಗಿಯಾಗಿ ಎಳೆಯಿರಿ ಎಂದರು, ಇನ್ನೊಬ್ಬರು ಆಳಕ್ಕೆ ಇಳಿಸಿ ಎಂದರು. ಕಾಂಪೌಂಡರು ಇಬ್ಬರ ಮಾತನ್ನೂ ಚಾಚೂ ತಪ್ಪದೆ ಪಾಲಿಸಿದರು. ಸೂಜಿ ಎಷ್ಟೋ ಸಲ ತೊಡೆಗೆ ಚುಚ್ಚಿತು. ಇಂಜೆಕ್ಷನ್ ಕೊಡುವಾಗ ಊರಿಗೆಲ್ಲ ಹೇಳುತ್ತಿದ್ದ "ಇರುವೆ ಕಚ್ಚಿದ ಹಾಗಿರುತ್ತೆ, ಅಷ್ಟೇ" ಎಂಬ ಮಾತನ್ನು ತಮಗೇ ಹೇಳಿಕೊಂಡರು. ಅದು ಎಂಥ ಸುಳ್ಳೆಂದು ಈಗ ತಿಳಿಯಿತು. ಆದರೂ ಆ ನೋವು ತಮಗೆ ಸಲ್ಲಬೇಕಾದದ್ದೇ ಎನ್ನಿಸಿತು. ಅಂದು ಆಡಿದ ಮಾತೂ ಹೀಗೇ ಚುಚ್ಚಿರಬೇಕಲ್ಲವೆ?

ಎದುರುಮನೆಯ ಅಜ್ಜಿ ಕೋಲೂರಿಕೊಂಡು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. "ಈ ಕಡೆ ರೆಕ್ಕೆ ಹಾರುತ್ತೆ ಕಣಪ್ಪಾ. ನೀನು ಹಾಕಿದ್ದು ಇರುವೆ ಸಾಲು ಇದ್ದಂಗಿದೆ" ಎಂದು ಅಭಿಪ್ರಾಯ ಕೊಟ್ಟರು. ಕಾಂಪೌಂಡರು ಮೂರೂಕಾಲಿಗೆ ನಲವತ್ತಮೂರನೆಯ ಗಂಟು ಬಿಗಿದು ದಾರ ಕತ್ತರಿಸಿದರು. ಕಣ್ಣು ಅರ್ಧ ಮುಚ್ಚಿ ನೋಡಿದರೆ ರೆಕ್ಕೆ ಎನ್ನಬಹುದಿತ್ತು. ಬಸ್‌ಸ್ಟ್ಯಾಂಡಿಗೆ ಹೊರಡೋಣವೆಂದು ಖುಷಿಯಿಂದ ಎದ್ದು ನಿಂತರು.

ಹಕ್ಕಿಯೂ ಎದ್ದಿತು.

ಎಳೆದರು, ಬರಲಿಲ್ಲ. ಅಜ್ಜಿ ನಗಲಾರಂಭಿಸಿದರು. ನಗು ಕೇಳಿ ಟೈಲರ್ ಓಡಿ ಬಂದರು, ಟೀಚರಮ್ಮನೂ ಬಂದರು. ಟೈಲರ್ ಮಂಡಿಯೂರಿ ಪರೀಕ್ಷಿಸಿದರು.

"ಒಂದೇ ದಾರ ಆಗಿದ್ರೆ ತುದಿ ಹಿಡಿದು ಎಳೆದುಬಿಡಬಹುದಿತ್ತು. ನಿಮ್ಮ ಪದ್ಧತಿ ಸಾರ್ ಇದು, ಒಂದೂ ಬಿಡಲ್ಲ. ಗಂಟು ಕತ್ತರಿಸಿದ್ರೆ ರೆಕ್ಕೆ ಹೋಗುತ್ತೆ, ಉಳಿಸಿದ್ರೆ ಪ್ಯಾಂಟು ಹೋಗುತ್ತೆ."

"ಒಳಗೆ ಹೋಗಿ ಪ್ಯಾಂಟ್ ಬದಲಾಯಿಸ್ತೀನಿ" ಎಂದು ಕಾಂಪೌಂಡರು ಹೆಜ್ಜೆ ಕೀಳುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಹೆಂಡತಿ ಕಾಣಿಸಿದರು. ಬಸ್ಸು ಅವತ್ತು, ಅದರ ಜನ್ಮದಲ್ಲೇ ಮೊದಲ ಸಲ, ಮುಂಚೆ ಬಂದಿತ್ತು. ಕಾಂಪೌಂಡರು ದೊಪ್ಪನೆ ಬೆಂಚಿನ ಮೇಲೆ ಕೂತು, ಟೈಲರ ಕಂಕುಳಲ್ಲಿದ್ದ ಪೇಪರು ಕಿತ್ತು ತೊಡೆಯ ಮೇಲೆ ಹರಡಿಕೊಂಡರು.

"ಬಸ್‌ಸ್ಟ್ಯಾಂಡಿಗೆ ಬರ್ತೀನಿ ಅಂದಿದ್ರಿ. ಏಳಿ, ಈ ಬ್ಯಾಗಾದ್ರೂ ಹಿಡ್ಕೊಳ್ಳಿ."

"ಸೊಂಟ ಹಿಡ್ಕೊಂಡಿದೆ ಕಣೇ."

"ಸೊಂಟ ಹಿಡಿದ್ರೆ ಪೇಪರ್ ಯಾಕೆ ತಲೆಕೆಳಗು?" ಎಂದು ಆಕೆ ಪೇಪರ್ ಎತ್ತಿದರು.

ಅಜ್ಜಿಯ ನಗು ನಿಂತಿತು. ಇಷ್ಟು ಜನರ ಮುಂದೆ ಹೇಳುವ ಮಾತಲ್ಲವಾದರೂ ಕಾಂಪೌಂಡರಿಗೆ ತಡೆಯಲಾಗಲಿಲ್ಲ.

"ಅವತ್ತು ನಾನು ಹಾಗೆ ಅನ್ನಬಾರದಿತ್ತು ಕಣೇ. ನನ್ನ ಒಂದು ಮಾತಿಗೆ ನೀನು ಕಸೂತಿನೇ ಬಿಟ್ಟೆ. ಮೂವತ್ತೈದು ವರ್ಷ ನನಗೆ ಗೊತ್ತೇ ಆಗಲಿಲ್ಲ."

"ಬಿಟ್ಟಳಾ?" ಅಜ್ಜಿ ಕೋಲು ಕುಟ್ಟಿದರು. "ನಮ್ಮ ಮನೆ ದಿಂಬುಗಳೆಲ್ಲ ಮತ್ಯಾರು ಮಾಡಿದ್ದು? ದಿನಾ ಮಧ್ಯಾಹ್ನ ಟೀಚರಮ್ಮನ ಹಿತ್ತಲಲ್ಲಿ ಮರದ ಕೆಳಗೆ ಕೂತು ಹಾಕ್ತಾಳಲ್ಲ! ಬೀದಿಗೆಲ್ಲ ಗೊತ್ತು."

ಕಾಂಪೌಂಡರು ಟೀಚರಮ್ಮನ ಮುಖ ನೋಡಿದರು. ಟೀಚರಮ್ಮ ನೆಲ ನೋಡಿದರು. "ಕುರ್ಚಿದೂ ಅಕ್ಕನದೇ ಸಾರ್. ನೀವು ಹೊಗಳಿದಾಗಲೆಲ್ಲ ನಂಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸೋದು."

ಮೊದಲು ಕಾಂಪೌಂಡರಿಗೆ ಅವಮಾನವಾಯಿತು, ಆಮೇಲೆ ಸಮಾಧಾನವೂ ಆಯಿತು. ಸದ್ಯ, ಬಿಟ್ಟಿರಲಿಲ್ಲವಲ್ಲ. ಆಗ ಒಂದು ಸಂಶಯ ಬಂತು.

"ಮತ್ತೆ ಇದೊಂದನ್ನೇ ಯಾಕೆ ಅರ್ಧಕ್ಕೆ ಬಿಟ್ಟೆ?"

ಹೆಂಡತಿ ಬ್ಯಾಗು ಕೆಳಗಿಟ್ಟು ಅವರ ಪಕ್ಕದಲ್ಲಿ ಕೂತರು. "ನೀವು ಒಂದಲ್ಲ ಒಂದು ದಿನ ಈ ಮಾತು ಕೇಳ್ತೀರಿ, ಅವತ್ತು ನಿಮ್ಮ ಎದುರಿಗೇ ಕೂತು ಮುಗಿಸೋಣ ಅಂತಿದ್ದೆ. ನಿಮ್ಮ ಕಣ್ಣಿಗೆ ಬೀಳಲಿ ಅಂತಾನೇ ಕಾಲುಚೀಲದ ಪಕ್ಕ ಇಟ್ಟಿದ್ದು. ನೀವು ಒಂದು ದಿನನೂ ನಿಮ್ಮ ಕಾಲುಚೀಲ ನೀವು ತಗೊಳ್ಳಲಿಲ್ಲ."

"ಈಗ ಕೇಳಿದ್ನಲ್ಲ?"

"ಕೇಳಿದ್ರಿ." ಆಕೆ ಇರುವೆ ಸಾಲಿನಂಥ ರೆಕ್ಕೆಯ ಮೇಲೆ ಬೆರಳಾಡಿಸಿದರು. "ಆದ್ರೆ ಮುಗಿಸೋಕೆ ನನಗೆ ಏನೂ ಉಳಿಸಿಲ್ಲವಲ್ಲ ನೀವು."

ಕಾಂಪೌಂಡರಿಗೆ ಆಗ ಹೊಳೆಯಿತು. ಬೆಳಿಗ್ಗೆ ಸುಮ್ಮನೆ ಆ ಬಟ್ಟೆಯನ್ನು ಮಡಿಸಿಟ್ಟು, ಸಂಜೆ ಒಂದು ಮಾತು ಕೇಳಿದ್ದರೆ ಸಾಕಿತ್ತು. ಟೈಲರ್ ಕತ್ತರಿ ಚಾಚಿ, "ಅಮ್ಮಾ, ರೆಕ್ಕೆಯಾ, ಪ್ಯಾಂಟಾ?" ಎಂದರು.

ಆಕೆ ಒಂದು ಕ್ಷಣವೂ ಯೋಚಿಸಲಿಲ್ಲ. ರೆಕ್ಕೆಯ ಸುತ್ತ ಪ್ಯಾಂಟನ್ನು ನೀಟಾಗಿ ಕತ್ತರಿಸಿ, ಬೂದು ತುಂಡಿನ ಸಮೇತ ಹಕ್ಕಿಯನ್ನು ಬಿಡಿಸಿಕೊಂಡರು. ಅದನ್ನು ಮಡಿಸಿ ಎದೆಗೆ ಅವಚಿಕೊಂಡು, "ಬಾರೇ, ಇನ್ನೂ ಬೆಳಕಿದೆ" ಎಂದು ಟೀಚರಮ್ಮನನ್ನು ಕರೆದುಕೊಂಡು, ಮೊಟ್ಟಮೊದಲ ಸಲ ಗಂಡನ ಕಣ್ಣೆದುರೇ, ಪಕ್ಕದ ಮನೆಯ ಹಿತ್ತಲಿಗೆ ಹೋದರು.

ಕಾಂಪೌಂಡರು ಏಳುವಂತಿರಲಿಲ್ಲ. ತೊಡೆಯ ಮೇಲೆ ರೆಕ್ಕೆಯಷ್ಟೇ ಅಗಲದ ತೂತು, ಪಕ್ಕದಲ್ಲಿ ಮನೆಯೊಳಗೆ ಹೊತ್ತು ಹಾಕಬೇಕಾದ ಬ್ಯಾಗು. ತಲೆಕೆಳಗಾಗಿದ್ದ ಪೇಪರನ್ನು ಸರಿಮಾಡಿ ತೂತಿನ ಮೇಲೆ ಹರಡಿಕೊಂಡು, ಅಜ್ಜಿ ಯಾವಾಗ ಎದ್ದು ಹೋಗುತ್ತಾರೋ ಎಂದು ಕಾಯುತ್ತ ಕೂತರು. ಅಜ್ಜಿಗೆ ಅವಸರವೇನೂ ಇರಲಿಲ್ಲ.